ನಾಲ್ಕು ಕೋಣೆಗೂ ಒಂದೇ ಮಿತಿ

ಸಿರುಗುಪ್ಪ
9 ಏಪ್ರಿಲ್ 2025

ಹಂಪೇಶ್,

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ, ಕ್ಷೇಮ ಕೇಳುವುದಕ್ಕಲ್ಲ. ನನ್ನ ಫೋನಿನಲ್ಲಿ ನಿನ್ನ ನಂಬರು ಬ್ಲಾಕ್ ಆಗಿದೆ, ಹಾಗೇ ಇರುತ್ತದೆ. ಫೋನಿನಲ್ಲಿ ನೀನು ಇವತ್ತು ಒಂದು ಹೇಳಿ ನಾಳೆ ಒಂದು ಹೇಳುತ್ತೀಯ. ಆದ್ದರಿಂದ ಉತ್ತರವನ್ನೂ ಕಾಗದದಲ್ಲೇ ಕೊಡು.

ನಡೆದದ್ದನ್ನು ಮೊದಲು ಬರೆಯುತ್ತೇನೆ. ಕುರುಗೋಡಿನ ಗಾದಿಲಿಂಗಪ್ಪನವರ ಕೋಲ್ಡ್ ಸ್ಟೋರೇಜಿನಲ್ಲಿ ನಾಲ್ಕು ಕೋಣೆಗಳಿವೆ. ನಾಲ್ಕರಲ್ಲೂ ಸುತ್ತಲಿನ ರೈತರ ಅಂಜೂರ. ನನ್ನಣ್ಣ ರಾಮಾಂಜಿನಿ ಅಲ್ಲಿ ಹನ್ನೊಂದು ವರ್ಷದಿಂದ ಆಪರೇಟರ್. ಮೊದಲು ಪ್ರತಿ ಕೋಣೆಗೂ ಗೋಡೆಯ ಮೇಲೆ ಒಂದು ಸ್ವಿಚ್ಚು ಇತ್ತು. ಜನವರಿಯಲ್ಲಿ ನೀನು ಸ್ವಿಚ್ಚು ಕಿತ್ತು, ನೀನೇ ಬರೆದ ಸಾಫ್ಟ್‌ವೇರ್ ಹಾಕಿದ ಕಂಪ್ಯೂಟರ್ ಇಟ್ಟೆ. ಕೋಣೆಗೆ ಒಂದು ಮಿತಿ ಹಾಕಬೇಕು, ಶಾಖ ಆ ಮಿತಿ ದಾಟಿದರೆ ಯಂತ್ರ ತಾನೇ ಓಡುತ್ತದೆ, ದಾಟದಿದ್ದರೆ ಪರದೆಯ ಮೇಲೆ ಹಸಿರು ದೀಪ. ನಾಲ್ಕಕ್ಕೂ ಮೊದಲಿನಿಂದ ಎರಡು ಡಿಗ್ರಿ ಮಿತಿ. ಅದನ್ನು ಬದಲಿಸುವ ಪ್ರಸಂಗವೇ ಯಾರಿಗೂ ಬಂದಿರಲಿಲ್ಲ.

ಯುಗಾದಿಯ ಹಿಂದಿನ ದಿನ, ಶನಿವಾರ, ಮೂರನೇ ಕೋಣೆಯ ಮಾಲೆಲ್ಲ ಲಾರಿ ಹತ್ತಿತು. ಹಬ್ಬಕ್ಕೆ ಖಾಲಿ ಕೋಣೆ ತೊಳೆದು ಸುಣ್ಣ ಹೊಡೆಯುವುದು ಅಲ್ಲಿಯ ರೂಢಿ. ಖಾಲಿ ಕೋಣೆಗೆ ಯಂತ್ರ ಓಡುವುದು ಬೇಡವೆಂದು ಅಣ್ಣ ಮೂರನೆಯದರ ಮಿತಿಯನ್ನು ಇಪ್ಪತ್ತೈದು ಮಾಡಿ ಮನೆಗೆ ಹೋದ. ಭಾನುವಾರ ಯುಗಾದಿ, ಸೋಮವಾರ ರಂಜಾನ್. ಕಾವಲಿನವನೂ ಗಾದಿಲಿಂಗಪ್ಪನವರೂ ನೋಡಿದಾಗಲೆಲ್ಲ ಪರದೆಯ ಮೇಲೆ ನಾಲ್ಕೂ ಹಸಿರು. ಮಂಗಳವಾರ ಬಾಗಿಲು ತೆಗೆದರೆ ಉಳಿದ ಮೂರು ಕೋಣೆಗಳ ಅಂಜೂರ ಹುಳಿತು ಟ್ರೇಗಳಿಂದ ರಸ ಸೋರುತ್ತಿತ್ತು. ಪರದೆಯಲ್ಲಿ ನಾಲ್ಕಕ್ಕೂ ಇಪ್ಪತ್ತೈದು ಮಿತಿ.

ಅವತ್ತೇ ನಿನ್ನನ್ನು ಕರೆಸಿದರು. ನೀನು ಬರೆದುಕೊಟ್ಟ ವರದಿಯ ಪ್ರತಿ ನನ್ನ ಬಳಿ ಇದೆ. 'ಪ್ರತಿ ಕೋಣೆಯ ಮಿತಿ ಪ್ರತ್ಯೇಕ. ನಾಲ್ಕೂ ಬದಲಾಗಿರುವುದರಿಂದ ಆಪರೇಟರ್ ನಾಲ್ಕನ್ನೂ ಬದಲಿಸಿದ್ದಾರೆ. ಒಂದನ್ನೇ ಬದಲಿಸಿದೆನೆಂಬ ಅವರ ಹೇಳಿಕೆ ಸುಳ್ಳು.' ಸುಳ್ಳು ಎಂಬ ಪದ ನಿನ್ನದು. ಅಣ್ಣನನ್ನು ಕೆಲಸದಿಂದ ತೆಗೆದರು. ಬೆಳೆಗಾರರು ಅವನ ಮುಖ ಕಂಡರೆ ಉಗುಳುತ್ತಾರೆ.

ಅಣ್ಣ ಮುಂಗೋಪಿ, ಹಠಮಾರಿ. ಸುಳ್ಳು ಹೇಳುವವನಲ್ಲ. ನಿನ್ನ ಕೋಡ್ ನನಗೆ ತೋರಿಸು. ವರದಿ ಹಿಂದಕ್ಕೆ ತೆಗೆದುಕೊ.

ಪಂಪಾವತಿ


ಬಳ್ಳಾರಿ
16 ಏಪ್ರಿಲ್ 2025

ಪಂಪಾ,

ನಿನ್ನ ಕಾಗದ ಬಂತು. ರಾಮಾಂಜಿನಿಯವರ ವಿಷಯದಲ್ಲಿ ನನಗೂ ಬೇಸರವಿದೆ. ಆದರೆ ಬೇಸರ ಬೇರೆ, ವಾಸ್ತವ ಬೇರೆ.

ಪರದೆಯಲ್ಲಿ ನಾಲ್ಕೂ ಇಪ್ಪತ್ತೈದು ಇತ್ತು ಎಂದು ನೀನೇ ಒಪ್ಪುತ್ತೀಯ. ಸಾಫ್ಟ್‌ವೇರ್ ತಾನಾಗಿ ಏನನ್ನೂ ಬದಲಿಸುವುದಿಲ್ಲ, ಮನುಷ್ಯ ಬದಲಿಸಬೇಕು. ಕೋಣೆ ಎಂಬ ಒಂದು ಮಾದರಿ ಬರೆದು, ಅದರಿಂದ ಕೋಣೆಗೊಂದರಂತೆ ನಾಲ್ಕು ಪ್ರತ್ಯೇಕ ಆಬ್ಜೆಕ್ಟ್ ಮಾಡಿದ್ದೇನೆ. ಒಂದನ್ನು ಮುಟ್ಟಿದರೆ ಇನ್ನೊಂದು ಅಲುಗುವುದಿಲ್ಲ. ಗಾದಿಲಿಂಗಪ್ಪನವರ ಎದುರಿಗೇ ಪರೀಕ್ಷೆ ಮಾಡಿ ತೋರಿಸಿದೆ. ಎರಡನೇ ಕೋಣೆಯ ಹೆಸರು ಬದಲಿಸಿದೆ, ಉಳಿದ ಮೂರರ ಹೆಸರುಗಳು ಹಾಗೇ ಇದ್ದವು. ಹೆಸರು ಪ್ರತ್ಯೇಕ ಎಂದ ಮೇಲೆ ಮಿತಿಯೂ ಪ್ರತ್ಯೇಕವೇ. ಇಷ್ಟು ನಿನಗೆ ಹೇಳಬೇಕಾಗಿಲ್ಲ.

ಹಬ್ಬದ ಸಂಜೆ, ಮನೆಗೆ ಹೋಗುವ ಅವಸರ. ಒಂದರ ಬದಲು ನಾಲ್ಕಕ್ಕೂ ಒತ್ತಿರಬಹುದು. ಆಮೇಲೆ ಹೆದರಿಕೆಯಿಂದ ಇಲ್ಲ ಎಂದಿರಬಹುದು. ತಪ್ಪು ಯಾರಿಗೂ ಆಗುತ್ತದೆ.

ಕೋಡ್ ಕಂಪನಿಯ ಆಸ್ತಿ, ಹೊರಗಿನವರಿಗೆ ಕೊಡಲಾಗುವುದಿಲ್ಲ. ನೀನು ಕಂಪನಿ ಬಿಟ್ಟು ಎರಡು ವರ್ಷವಾಯಿತು. ಬಿಟ್ಟದ್ದು ನೀನೇ. ಆ ಸಿಟ್ಟನ್ನು ಇಲ್ಲಿ ತರುವುದು ಸರಿಯಲ್ಲ ಎಂದಷ್ಟೇ ಹೇಳುತ್ತೇನೆ.

ನಿನ್ನ,
ಹಂಪೇಶ್


ಸಿರುಗುಪ್ಪ
21 ಏಪ್ರಿಲ್ 2025

ಹಂಪೇಶ್,

'ನಿನ್ನ' ಎಂದು ಸಹಿ ಹಾಕಬೇಡ.

ನಾನು ಕಂಪನಿ ಬಿಟ್ಟದ್ದು ಯಾಕೆಂದು ನಿನಗೆ ಗೊತ್ತಿದೆ. ರಾಯಲ್ ಸರ್ಕಲ್ ಹತ್ತಿರದ ಆ ಮಾಳಿಗೆ ಕೋಣೆಯಲ್ಲಿ ನೀನು ಬರೆಯುತ್ತಿದ್ದೆ, ನಾನು ಪರೀಕ್ಷಿಸುತ್ತಿದ್ದೆ. ಒಂದು ದಿನ ಗಿರಾಕಿಯ ಮುಂದೆ, "ಈಕಿ ಪರೀಕ್ಷೆ ಮುಗಿಯೋದ್ರಾಗ ನಿಮ್ಮ ಮಾಲು ಮಾರಿ ಮುಗಿದಿರತೈತ್ರೀ" ಎಂದು ನಕ್ಕೆ. ಗಿರಾಕಿಯೂ ನಕ್ಕ. ಈಗ ನಿನಗೆ ಪರೀಕ್ಷಿಸುವವರಿಲ್ಲ. ಅದು ನಿನ್ನ ಉತ್ತರದಲ್ಲೇ ಕಾಣುತ್ತದೆ.

ಕೋಡ್ ನೋಡದೆಯೇ ಹೇಳುತ್ತೇನೆ, ಕೇಳು.

ಕಾಲೇಜಿನಲ್ಲಿ ನಾವಿಬ್ಬರೂ ಪ್ರೋಗ್ರಾಮಿಂಗ್ ಕಲಿತದ್ದು ಜಾವಾದಲ್ಲಿ. ಅಲ್ಲಿ ಕ್ಲಾಸ್ ಎಂದರೆ ಮನೆಯ ನಕ್ಷೆ ಇದ್ದ ಹಾಗೆ. ನಕ್ಷೆಯಲ್ಲಿ ಒಂದು ಕಿಟಕಿ ಬರೆದರೆ, ಕಟ್ಟಿದ ಪ್ರತಿ ಮನೆಗೂ ತನ್ನದೇ ಕಿಟಕಿ. ಎಲ್ಲರಿಗೂ ಸೇರಿ ಒಂದೇ ಸಾಕೆಂದರೆ ಅದನ್ನು ಬೇರೆಯಾಗಿ ಹೇಳಬೇಕು. ಗಾದಿಲಿಂಗಪ್ಪನವರಿಗೆ ನೀನು ಬರೆದದ್ದು ಜಾವಾಸ್ಕ್ರಿಪ್ಟಿನಲ್ಲಿ. ಅಲ್ಲಿ ಕ್ಲಾಸಿನ ಜಾಗದಲ್ಲಿರುವ ಪ್ರೊಟೊಟೈಪ್ ಎಂಬ ಮಾದರಿ ನಕ್ಷೆಯಲ್ಲ, ಅದೂ ಒಂದು ಆಬ್ಜೆಕ್ಟ್, ಕಟ್ಟಿ ನಿಲ್ಲಿಸಿದ ಮನೆಯೇ. ಉಳಿದ ಆಬ್ಜೆಕ್ಟುಗಳು ತಮ್ಮಲ್ಲಿ ಇಲ್ಲದ್ದನ್ನು ಅದರಲ್ಲಿ ಹೋಗಿ ನೋಡುತ್ತವೆ. ಅಲ್ಲಿಟ್ಟದ್ದು ಎಲ್ಲರಿಗೂ ಒಂದೇ. ನೀನು ಜಾವಾದ ಅಭ್ಯಾಸದಲ್ಲಿ ಹೆಸರು, ಮಿತಿ ಎರಡನ್ನೂ ಪ್ರೊಟೊಟೈಪಿನಲ್ಲಿ ಬರೆದು, ಪ್ರತಿ ಕೋಣೆಗೂ ತನ್ನದು ಸಿಕ್ಕಿತು ಎಂದು ತಿಳಿದಿದ್ದೀಯ.

ಹಾಗಾದರೆ ಹೆಸರು ಯಾಕೆ ಪ್ರತ್ಯೇಕವಾಗಿ ಬದಲಾಯಿತು ಎನ್ನುತ್ತೀಯ. ಕೌಲ್ ಬಜಾರಿನ ನಿಮ್ಮ ವಠಾರದ ಅಂಗಳದಲ್ಲಿ ಎಲ್ಲರಿಗೂ ಸೇರಿದ ಒಂದು ಗಡಿಯಾರ ಇದೆ ಎಂದುಕೊ. ಒಬ್ಬರು ಹೊಸ ಗಡಿಯಾರ ತಂದು ತಮ್ಮ ಮನೆಯೊಳಗೆ ತೂಗುಹಾಕಿದರೆ, ಅವರು ಅದನ್ನು ನೋಡುತ್ತಾರೆ, ಉಳಿದವರು ಅಂಗಳದ್ದನ್ನೇ ನೋಡುತ್ತಾರೆ. ಯಾರಿಗೂ ತೊಂದರೆ ಇಲ್ಲ. ಎರಡನೇ ಕೋಣೆಗೆ ಹೊಸ ಹೆಸರು ಕೊಟ್ಟಾಗ ನೀನು ಮಾಡಿದ್ದು ಇದು. ಮಿತಿ ಹಾಗಲ್ಲ. ಅಣ್ಣ ಹೇಳುವ ಪ್ರಕಾರ ನಿನ್ನ ಮಿತಿಯೊಳಗೆ ಕೆಳಗಿನದು, ಮೇಲಿನದು ಎಂದು ಎರಡು ಅಂಕಿ ಇವೆ, ನಾವು ಮಿತಿ ಎನ್ನುತ್ತಿರುವುದು ಮೇಲಿನದನ್ನು. ಅಂದರೆ ಮಿತಿಯೇ ಒಂದು ಆಬ್ಜೆಕ್ಟ್. ಅದರೊಳಗಿನ ಅಂಕಿ ಬದಲಿಸುವುದೆಂದರೆ ಅಂಗಳದ ಗಡಿಯಾರದ ಮುಳ್ಳು ತಿರುಗಿಸಿದ ಹಾಗೆ. ತಿರುಗಿಸಿದವನು ತನಗಾಗಿ ತಿರುಗಿಸಿರುತ್ತಾನೆ, ಹೊತ್ತು ಕೆಡುವುದು ವಠಾರಕ್ಕೆಲ್ಲ. ಅಣ್ಣನಿಗೆ ನೀನು ಕೊಟ್ಟದ್ದು ಆ ಮುಳ್ಳು ಮಾತ್ರ. ಅವನು ಒಮ್ಮೆ ತಿರುಗಿಸಿದ. ನಾಲ್ಕೂ ತಿರುಗಿದವು.

ಸಿರುಗುಪ್ಪದ ಕಾಲೇಜಿನಲ್ಲಿ ನಾನು ಪ್ರತಿ ವರ್ಷ ಹುಡುಗಿಯರಿಗೆ ಇದನ್ನೇ ಪಾಠ ಮಾಡುತ್ತೇನೆ. ಅವರು ತಪ್ಪಿದರೆ ಎರಡು ಅಂಕ ಹೋಗುತ್ತದೆ. ನೀನು ತಪ್ಪಿದ್ದಕ್ಕೆ ನನ್ನಣ್ಣ ಸುಳ್ಳುಗಾರನಾದ.

ಮಿತಿ ಬದಲಿಸುವ ಪಾಸ್‌ವರ್ಡನ್ನು ಗಾದಿಲಿಂಗಪ್ಪನವರು ಈಗ ನಿನ್ನೊಬ್ಬನಿಗೇ ಕೊಟ್ಟಿದ್ದಾರಂತೆ. ಆದ್ದರಿಂದ ನೀನೇ ಮಾಡು. ಎರಡನೇ ಕೋಣೆಯ ಮಿತಿಯನ್ನು ಮೂರಕ್ಕೆ ಏರಿಸು. ಆಮೇಲೆ ನಾಲ್ಕನೇ ಕೋಣೆಯ ಮಿತಿ ಓದು. ಏನು ಕಂಡಿತೆಂದು ನನಗೆ ಬರೆ.

ಪಂಪಾವತಿ


ಸಿರುಗುಪ್ಪ
19 ಮೇ 2025

ಹಂಪೇಶ್,

ನಿನ್ನಿಂದ ಉತ್ತರ ಬರಲಿಲ್ಲ. ಉತ್ತರ ಬೇರೆ ಕಡೆಯಿಂದ ಬಂತು.

ಅಣ್ಣನ ಜಾಗಕ್ಕೆ ಈಗ ದುರುಗಪ್ಪ ಇದ್ದಾನೆ. ಮೊದಲು ಅಲ್ಲೇ ಹಮಾಲಿ ಮಾಡುತ್ತಿದ್ದವನು, ಅಣ್ಣನ ಗೆಳೆಯ. ಮೇ ಮೊದಲ ವಾರ ನೀನು ಬಂದು ಬಾಗಿಲು ಹಾಕಿಕೊಂಡು ಮಧ್ಯಾಹ್ನದವರೆಗೆ ಕೂತಿದ್ದೆಯಂತೆ. ಹೊರಗೆ ಬಂದು, "ಸಣ್ಣದೊಂದು ಅಪ್‌ಡೇಟ್ ಇತ್ತು" ಎಂದೆಯಂತೆ. ಪಾಸ್‌ವರ್ಡನ್ನು ದುರುಗಪ್ಪನಿಗೆ ಕೊಟ್ಟೆಯಂತೆ. ಅವನು ಅದೇ ಸಂಜೆ ಅಣ್ಣನ ಮನೆಗೆ ಬಂದು ಹೇಳಿದ್ದು ಇದು: "ಈಗ ಮೂರನೇದರ ಮಿತಿ ತಿರುವಿದ್ರ ಮೂರನೇದಷ್ಟ ತಿರುಗತೈತ್ಯೋ ಮಾರಾಯ. ಇಷ್ಟು ದಿನ ಹೆಂಗಿತ್ತೋ ಏನೋ, ಅದನ್ನ ಕೇಳಿದ್ರ ಆ ಹಂಪೇಶ್ ಸಾಹೇಬ್ರು ನೀರು ಕುಡ್ಯಾಕತ್ತಿದ್ರು."

ಅಂದರೆ ನಾನು ಹೇಳಿದ ಪರೀಕ್ಷೆಯನ್ನು ನೀನು ಮಾಡಿದ್ದೀಯ. ಮಿತಿಯನ್ನು ಪ್ರೊಟೊಟೈಪಿನಿಂದ ತೆಗೆದು ಪ್ರತಿ ಕೋಣೆ ಹುಟ್ಟುವಾಗಲೇ ಅದರೊಳಗೆ ಇಟ್ಟಿದ್ದೀಯ. ನಾನು ಬರೆದದ್ದನ್ನು ಓದಿ ನಿನ್ನ ಕೋಡ್ ಸರಿಮಾಡಿಕೊಂಡೆ. ವರದಿಯನ್ನು ಹಾಗೇ ಬಿಟ್ಟೆ.

ತಪ್ಪು ಬರೆದದ್ದನ್ನು ನಾನು ಕ್ಷಮಿಸಿಬಿಡುತ್ತಿದ್ದೆನೋ ಏನೋ. ಎಲ್ಲರೂ ಬರೆಯುತ್ತಾರೆ, ನಾನೂ ಬರೆದಿದ್ದೇನೆ. ತಪ್ಪು ಎಂದು ತಿಳಿದ ಮೇಲೆ ಬಾಗಿಲು ಹಾಕಿಕೊಂಡು ಅದನ್ನು ಅಳಿಸಿ, ಇನ್ನೊಬ್ಬನನ್ನು ಅದರ ಹೊರೆಯ ಕೆಳಗೇ ಬಿಟ್ಟು ಬಳ್ಳಾರಿ ಬಸ್ಸು ಹತ್ತಿದೆಯಲ್ಲ, ಅದಕ್ಕೆ ಏನೆನ್ನಬೇಕು ನೀನೇ ಹೇಳು. ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಲ್ಲೇ ಅಣ್ಣನ ಮನೆ. ನೀನು ಅದರ ಮುಂದೆಯೇ ನಡೆದುಹೋಗಿದ್ದೀಯ.

ಪಂಪಾವತಿ


ಬಳ್ಳಾರಿ
27 ಮೇ 2025

ಪಂಪಾ,

ಹೌದು. ನೀನು ಬರೆದ ಹಾಗೆಯೇ ಇತ್ತು. ಎರಡನೆಯದರ ಮಿತಿ ಏರಿಸಿದೆ, ನಾಲ್ಕನೆಯದೂ ಏರಿತು.

ಇನ್ನೊಂದು ಮಾತು ನಿನಗೊಬ್ಬಳಿಗೇ ಹೇಳುತ್ತೇನೆ. ಆ ಮಂಗಳವಾರ ನನ್ನನ್ನು ಕರೆಸಿದಾಗ, ನಾನು ಒಂದನೇ ಕೋಣೆಯ ಮಿತಿಯನ್ನು ಇಪ್ಪತ್ತೈದರಿಂದ ಎರಡಕ್ಕೆ ಇಳಿಸಿದೆ. ಎರಡನೇ ಕೋಣೆಗೆ ಹೋದರೆ ಅಲ್ಲಿ ಆಗಲೇ ಎರಡು ಇತ್ತು. ಗಾದಿಲಿಂಗಪ್ಪನವರು ಇಳಿಸಿರಬೇಕು ಎಂದುಕೊಂಡೆ. ಕೇಳಲಿಲ್ಲ. ಹೊರಗೆ ಬೆಳೆಗಾರರು ಕೂಗಾಡುತ್ತಿದ್ದರು. ವರದಿ ಬೇಗ ಕೊಡಿ ಎನ್ನುತ್ತಿದ್ದರು. ಕೊಟ್ಟೆ.

ಈಗ ಹೇಳಿದರೆ ನನ್ನ ಕಥೆ ಮುಗಿಯುತ್ತದೆ. ಇದೇ ಕೋಡ್ ಇನ್ನೂ ಐದು ಕಡೆ ಇದೆ. ಅಲ್ಲೆಲ್ಲ ಸದ್ದಿಲ್ಲದೆ ಸರಿಮಾಡುತ್ತಿದ್ದೇನೆ. ಕುರುಗೋಡಿನಲ್ಲಿ ಬಾಯಿ ಬಿಟ್ಟರೆ ಐದೂ ಕಡೆಯವರು ಬಾಗಿಲಿಗೆ ಬರುತ್ತಾರೆ. ಆಫೀಸಿನಲ್ಲಿ ಮೂರು ಜನ ಹುಡುಗರು ನನ್ನನ್ನು ನಂಬಿಕೊಂಡಿದ್ದಾರೆ.

ಹಲಕುಂದಿ ಕಡೆ ನನ್ನ ಪರಿಚಯದವರದೊಂದು ಕೋಲ್ಡ್ ಸ್ಟೋರೇಜ್ ಇದೆ. ರಾಮಾಂಜಿನಿಯವರಿಗೆ ಅಲ್ಲಿ ಕೆಲಸ ಮಾತಾಡಿದ್ದೇನೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ದಯವಿಟ್ಟು ಇದನ್ನು ಇಲ್ಲಿಗೆ ಮುಗಿಸೋಣ.

ಹಂಪೇಶ್


ಕುರುಗೋಡು
1 ಜೂನ್ 2025

ತಂಗಿ ಪಂಪಾವತಿಗೆ ರಾಮಾಂಜಿನಿ ಬರೆಯೋದು.

ಫೋನ್ ಮಾಡಿದ್ರ ನೀ ನನಗ ಮಾತಾಡಾಕ ಬಿಡಂಗಿಲ್ಲ, ಅದಕ ಬರ್ಯಾಕತ್ತೀನಿ. ನಿಮ್ಮತ್ತಿಗಿ ಮಂಜಮ್ಮ ಪಕ್ಕದಾಗ ಕುಂತು ಇದನ್ನ ಬರೀರಿ, ಅದನ್ನ ಬರೀರಿ ಅಂತಾಳ. ಆಕಿ ಹೇಳಿದ್ದೆಲ್ಲ ಬರದ್ರ ಪೋಸ್ಟಿನವರು ಕಾಗದ ತಗಳ್ಳಂಗಿಲ್ಲ.

ಹಂಪೇಶ ತಪ್ಪು ತನ್ನದು ಅಂತ ಒಪ್ಪ್ಯಾನ, ಹಲಕುಂದಿ ಕಡೆ ಕೆಲಸ ಕೊಡಸ್ತಾನ ಅಂತ ಹೇಳಿದಿ. ಯಾರ ಮುಂದ ಒಪ್ಪ್ಯಾನ? ನಿನ್ನ ಮುಂದ. ನನ್ನ ಸುಳ್ಳುಗಾರ ಅಂದಿದ್ದು ನೀ ಏನ? ಆ ಮಂಗಳವಾರ ಬೆಳೆಗಾರ ಚನ್ನಬಸವರಾಜ ಕೊಳತ ಅಂಜೂರದ ಟ್ರೇ ತಂದು ನನ್ನ ಕಾಲ ಮ್ಯಾಲ ಸುರುವಿದ. "ತಗೊಂಡ್ ಹೋಗಿ ನಿಮ್ಮ ಮನ್ಯಾಗ ತಿನ್ರಿ" ಅಂದ. ಹಮಾಲ್ರೆಲ್ಲ ನಿಂತು ನೋಡಿದ್ರು. ಹನ್ನೊಂದು ವರ್ಷ ಅವನ ಮಾಲು ನನ್ನ ಕೈಯಾಗ ಇತ್ತು. ಈಗ ಸಂತ್ಯಾಗ ಕಂಡ್ರ ಮುಖ ತಿರುವತಾನ. ನಾ ಹಲಕುಂದಿಗೆ ಹೋದ್ರ, ಮಾಡಿದ್ದಕ್ಕ ನಾಚಿ ಊರು ಬಿಟ್ಟ ಅಂತಾರ. ನಾ ಹೋಗಂಗಿಲ್ಲ. ಟ್ರೇ ಎಲ್ಲಿ ಸುರುವ್ಯಾರೋ ಅಲ್ಲಿ ನಿಂತು ಹಂಪೇಶ ಹೇಳ್ಬೇಕು.

ಇನ್ನೊಂದು ಮಾತು. ಸಿಟ್ಟಾಗಬ್ಯಾಡ ಅಂದ್ರೂ ನೀ ಆಗ್ತಿ, ಆಗು. ಎರಡು ತಿಂಗಳಿಂದ ಅವನಿಗೆ ಬರಿಯಾಕತ್ತಿ. ಅದ್ರಾಗ ನನ್ನ ಜಗಳ ಎಷ್ಟು, ನಿಮ್ಮಿಬ್ಬರ ಹಳೇ ಜಗಳ ಎಷ್ಟು? ಗಾದಿಲಿಂಗಪ್ಪ ಸಾಹುಕಾರ್ರ ಹತ್ರ ಒಂದು ಸಲಾನೂ ಹೋಗಲಿಲ್ಲಲ್ಲ ನೀ. ಅವನ ಬಾಯಿಂದನ ಬರ್ಬೇಕು ಅಂತ ಕುಂತಿ. ಬರೋತನಕ ಉಗುಳಿಸಿಕೊಂಡಾಂವ ನಾನು.

ನಿಮ್ಮಣ್ಣ
ರಾಮಾಂಜಿನಿ


ಸಿರುಗುಪ್ಪ
5 ಜೂನ್ 2025

ಹಂಪೇಶ್,

ಅಣ್ಣನ ಕಾಗದವನ್ನು ಜೊತೆಗಿಟ್ಟಿದ್ದೇನೆ. ಪೂರ್ತಿ ಓದು, ನನ್ನನ್ನು ಬೈದದ್ದನ್ನೂ ಓದು. ಅವನು ಹೇಳಿದ್ದು ಸರಿ.

ಈ ತಿಂಗಳು ಹದಿನೈದರ ಭಾನುವಾರ ಬೆಳೆಗಾರರೆಲ್ಲ ಖಾಲಿ ಟ್ರೇ ತೆಗೆದುಕೊಂಡು ಹೋಗಲು ಕೋಲ್ಡ್ ಸ್ಟೋರೇಜಿನ ಯಾರ್ಡಿಗೆ ಬರುತ್ತಾರೆ. ಅವತ್ತು ನೀನು ಬಂದು ಹೇಳಬೇಕು. ಬರದಿದ್ದರೆ ನಾನು ಹೋಗಿ ನಿನ್ನ ಮೇ ತಿಂಗಳ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಐದು ಕಡೆಯ ಸಂಗತಿಯೂ ಅದರಲ್ಲಿದೆ.

ಮೂರು ಜನ ಹುಡುಗರ ಮಾತು ಎತ್ತಿದ್ದೀಯ. ಅವರ ಅನ್ನಕ್ಕೆ ನನ್ನಣ್ಣನ ಹೆಸರು ಯಾಕೆ ಬೇಯಬೇಕು?

ಪಂಪಾವತಿ


ಬಳ್ಳಾರಿ
18 ಜೂನ್ 2025

ಪಂಪಾ,

ಭಾನುವಾರ ಹೋಗಿದ್ದೆ. ನೀನು ಬರುತ್ತೀಯೆಂದು ಗೇಟಿನ ಕಡೆ ನೋಡುತ್ತಿದ್ದೆ. ನೀನು ಬರಲಿಲ್ಲ.

ಬೆಳೆಗಾರರು ಕಟ್ಟೆಯ ಮೇಲೆ ಕೂತಿದ್ದರು, ಹಮಾಲರು ಟ್ರೇ ಜೋಡಿಸುತ್ತಿದ್ದರು. ರಾಮಾಂಜಿನಿಯವರು ಗೇಟಿನ ಒಳಗೆ ಬಂದು ಅಲ್ಲೇ ನಿಂತರು. ನಾನು ಮೊದಲೇ ಗಾದಿಲಿಂಗಪ್ಪನವರಿಗೆ ಒಳಗೆ ಎಲ್ಲ ಹೇಳಿದ್ದೆ. ಅವರು, "ಆಗಿದ್ದು ಆಗೇತಿ. ಮಂದಿ ಮುಂದ ಯಾಕ ಬೇಕು, ಒಳಗ ಕುಂತು ಮಾತಾಡೋಣು, ಚಹಾ ಕುಡೀರಿ" ಎಂದರು. ನನಗೆ ಒಂದು ಗಳಿಗೆ ಕೂತುಬಿಡೋಣ ಎನ್ನಿಸಿತು. ಕೂರಲಿಲ್ಲ.

ಕಟ್ಟೆಯ ಮುಂದೆ ನಿಂತು ಹೇಳಿದೆ. ರಾಮಾಂಜಿನಿ ಒಂದೇ ಕೋಣೆಯ ಮಿತಿ ಬದಲಿಸಿದ್ದು, ನಾಲ್ಕೂ ಬದಲಾಗುವಂತೆ ಬರೆದಿದ್ದವನು ನಾನು ಎಂದೆ. ಪ್ರೊಟೊಟೈಪ್ ಗೀಟೊಟೈಪ್ ಏನೂ ಹೇಳಲಿಲ್ಲ.

ಚನ್ನಬಸವರಾಜ ಎದ್ದು ನಿಂತ. "ಒಂದು ರೂಮಿಗೆ ಹೇಳಿದ್ದು ನಾಕೂ ರೂಮು ಕೇಳಿಸಿಕೊಂಡ್ವು ಅಂತೀಯ?"

"ಹೌದ್ರೀ."

"ಹಂಗ ಐತಿ ಅಂತ ನಿನಗ ಗೊತ್ತಿರಲಿಲ್ಲ."

"ಇರಲಿಲ್ರೀ."

"ಗೊತ್ತಿಲ್ದ ರಾಮಾಂಜಿನಿ ಸುಳ್ಳು ಹೇಳ್ತಾನ ಅಂತ ಬರದುಕೊಟ್ಟಿ. ಅದು ಮಾತ್ರ ಭಾಳ ಗೊತ್ತಿತ್ತು ನೋಡು ನಿನಗ."

ಆಗ ರಾಮಾಂಜಿನಿಯವರು ಮುಂದೆ ಬಂದರು. "ಮಾತು ಸಾಕು. ಈಗ ಖಾಲಿ ಇರೋ ಮೂರನೇದಕ್ಕ ಇಪ್ಪತ್ತೈದು ಹಾಕು" ಎಂದರು. ಹಾಕಿದೆ. ನನ್ನನ್ನು ಪರದೆಯ ಮುಂದೆ ನಿಲ್ಲಿಸಿ, ಚನ್ನಬಸವರಾಜನನ್ನೂ ದುರುಗಪ್ಪನನ್ನೂ ಕರೆದು ಒಂದೊಂದೇ ಮಿತಿ ಓದಿಸಿದರು. ಎರಡು, ಎರಡು, ಇಪ್ಪತ್ತೈದು, ಎರಡು. "ಇನ್ನೊಮ್ಮೆ ಓದ್ರಿ" ಎಂದರು. ಓದಿದರು. ಅಷ್ಟಕ್ಕೂ ತೃಪ್ತಿಯಾಗದೆ ಕೋಣೆಗಳೊಳಗೆ ಥರ್ಮಾಮೀಟರ್ ಇಡಿಸಿದರು. ಊಟದ ಹೊತ್ತು ಮೀರುವ ತನಕ ಎಲ್ಲರೂ ಕಾದರು. ಯಾರೂ ಮನೆಗೆ ಹೋಗಲಿಲ್ಲ, ನನಗೆ ಕೂರಲು ಯಾರೂ ಹೇಳಲಿಲ್ಲ.

ಕೊನೆಗೆ ಚನ್ನಬಸವರಾಜ ಕಟ್ಟೆಯ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟ. ರಾಮಾಂಜಿನಿಯವರು ನೋಡಿದರು, ಕೂರಲಿಲ್ಲ. "ನಾಳೆ ಡ್ಯೂಟಿಗೆ ಬರ್ತೀನಿ" ಎಂದು ಗಾದಿಲಿಂಗಪ್ಪನವರಿಗೆ ಹೇಳಿ ಹೊರಟುಹೋದರು. ದುರುಗಪ್ಪನಿಗೂ ಅಲ್ಲೇ ಕೆಲಸ ಉಳಿಯುತ್ತದೆ. ನಷ್ಟದ ವಿಷಯವನ್ನು ಗಾದಿಲಿಂಗಪ್ಪನವರು ನನ್ನೊಂದಿಗೆ ಬೇರೆ ಮಾತಾಡುತ್ತಾರೆ.

ಸುದ್ದಿ ಬಳ್ಳಾರಿಗೆ ನನಗಿಂತ ಮೊದಲೇ ಬಂದಿತ್ತು. ಐದರಲ್ಲಿ ಇಬ್ಬರು ಫೋನ್ ಮಾಡಿ ಕೇಳಿದರು. ಅವರಲ್ಲೊಬ್ಬ ನನ್ನನ್ನು ಬಿಟ್ಟ, ಕೋಡ್ ಇನ್ನೂ ಅಲ್ಲಿ ಓಡುತ್ತಿದೆ. ಉಳಿದವರು ಒಂದೇ ಮಾತು ಹೇಳುತ್ತಿದ್ದಾರೆ: ಬೇರೆ ಯಾರಾದರೂ ನೋಡಿ ಸರಿ ಎನ್ನಬೇಕು. ನಾನು ಸರಿಮಾಡಿದ್ದೇನೆ. ಆದರೆ ನನ್ನ ಮಾತನ್ನು ಈಗ ನಾನೇ ನಂಬಲಾರೆ. ಕೋಡಿನಲ್ಲಿ ಇನ್ನೆಲ್ಲಿ ಒಂದೇ ಅಂಕಿ ಹೀಗೆ ಎಲ್ಲಕ್ಕೂ ಹಂಚಿಹೋಗಿದೆಯೋ ನನಗೆ ಕಾಣುತ್ತಿಲ್ಲ. ನೀನು ಬಂದು ನೋಡುತ್ತೀಯಾ? ಹಳೆಯದನ್ನೆಲ್ಲ ಬಿಟ್ಟುಬಿಡು ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ.

ಹಂಪೇಶ್


ಸಿರುಗುಪ್ಪ
23 ಜೂನ್ 2025

ಹಂಪೇಶ್,

ನಾನು ಬರದಿದ್ದದ್ದು ಬೇಕೆಂದೇ. ನಾನು ಬಂದಿದ್ದರೆ ನೀನು ನನಗೆ ಹೇಳುತ್ತಿದ್ದೆ, ಅವರಿಗಲ್ಲ.

ನೀನು ಬರೆದದ್ದನ್ನು ದುರುಗಪ್ಪನ ಮಾತಿನೊಂದಿಗೆ ಹೋಲಿಸಿ ನೋಡಿದೆ. ಹೆಚ್ಚುಕಡಿಮೆ ಸರಿಯಾಗಿದೆ. ಒಂದು ಮಾತು ಬಿಟ್ಟಿದ್ದೀಯ. ಯಾರ್ಡಿನಲ್ಲೂ ಬಿಟ್ಟೆ. ಆ ಮಂಗಳವಾರ ಎರಡನೇ ಕೋಣೆಗೆ ಹೋದಾಗ ಅಲ್ಲಿ ಆಗಲೇ ಎರಡು ಇತ್ತಲ್ಲ, ಅದನ್ನು ನನ್ನನ್ನು ಬಿಟ್ಟು ನೀನು ಯಾರಿಗೂ ಹೇಳಲಿಲ್ಲ. 'ಗೊತ್ತಿರಲಿಲ್ರೀ' ಎಂದೆ. ಗೊತ್ತಾಗಬೇಕಾದದ್ದು ನಿನ್ನ ಕಣ್ಣೆದುರಿಗೇ ಬಂದು ನಿಂತಿತ್ತು. ಕೇಳದೆ ವರದಿ ಬರೆದೆ. ಅಣ್ಣನಿಗೆ ಇದು ಗೊತ್ತಿಲ್ಲ. ನಾನು ಹೇಳುವುದಿಲ್ಲ. ಅವನು ಡ್ಯೂಟಿಗೆ ಹೋಗುತ್ತಿದ್ದಾನೆ, ಉಣ್ಣುತ್ತಿದ್ದಾನೆ, ಮಂಜಮ್ಮತ್ತಿಗೆಯೊಡನೆ ಜಗಳವಾಡುವಷ್ಟು ಚೇತರಿಸಿಕೊಂಡಿದ್ದಾನೆ. ಹೇಳುವ ಧೈರ್ಯ ಯಾವಾಗಲಾದರೂ ಬಂದರೆ ನೀನೇ ಹೋಗಿ ಹೇಳು.

ಕೋಡ್ ನೋಡಲು ಬರುತ್ತೇನೆ. ನಿನಗಾಗಿ ಅಲ್ಲ. ಆ ಐದು ಕಡೆಯಲ್ಲೂ ಯಾರೋ ಒಬ್ಬ ಆಪರೇಟರ್ ಇರುತ್ತಾನೆ.

ಶನಿವಾರ ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಐದು ಕಡೆಯ ಕೋಡನ್ನೂ ತೆರೆದಿಡು. ಹುಡುಗರು ಒಳಗಿರಲಿ, ಅವರು ನೋಡಿ ಕಲಿಯಲಿ. ನೀನು ಹೊರಗೆ ಕೂತಿರು. ಕೇಳುವುದಿದ್ದರೆ ನಾನೇ ಕರೆಯುತ್ತೇನೆ.

ಪಂಪಾವತಿ